ಮೈಕಲ್ ಜಾಕ್ಸನ್ ವಿಡಿಯೋ ಕ್ವಿಜ್: ಹೋದ ವರ್ಷದ ತಪ್ಪು ಉತ್ತರ, ಈ ವರ್ಷದ ಪ್ರಶ್ನೆಗಳು

ಬಿಜೈ_ಬಝರ್ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಆಗಸ್ಟ್ 29 ಮೈಕಲ್ ಹುಟ್ಟಿದ ದಿನ. ಈ ಸಲವೂ ಸಂಜೆ ಮಂಗಳೂರಿನ ಬಿಜೈಯಲ್ಲಿ ನಮ್ಮ ಮನೆಯ ಮೇಲಿನ ಹಾಲಿನಲ್ಲೇ ವಿಡಿಯೋ ಕ್ವಿಜ್ ಉಂಟು. ಹೋದ ವರ್ಷ ಮೂವತ್ತೆರಡು ಜನ ಬಂದಿದ್ದರು, ಒಂಬತ್ತು ವರ್ಷದ ಹುಡುಗಿಯಿಂದ ಹಿಡಿದು ನಿವೃತ್ತರಾದವರ ತನಕ.

ಪ್ರಶ್ನೆಗಳ ವಿಷಯ ಮಾತಾಡುವ ಮೊದಲು ಒಂದು ತಪ್ಪು ಒಪ್ಪಿಕೊಳ್ಳಲಿಕ್ಕುಂಟು. ಕೊನೆಯ ಸುತ್ತಿನಲ್ಲಿ "ಮೂನ್‌ವಾಕ್ ಮೊದಲು ಕಂಡದ್ದು ಯಾವ ವಿಡಿಯೋದಲ್ಲಿ?" ಅಂತ ಕೇಳಿದ್ದೆ. ಮೂನ್‌ವಾಕ್ ಅಂದರೆ ಮುಂದೆ ನಡೆದ ಹಾಗೆ ಕಾಣುತ್ತ ಹಿಂದಕ್ಕೆ ಜಾರುವ ಆ ನಡಿಗೆ. ನನ್ನ ಚೀಟಿಯಲ್ಲಿದ್ದ ಉತ್ತರ ಬಿಲ್ಲಿ ಜೀನ್. ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು ನಿಂತು, "ಆ ವಿಡಿಯೋದಲ್ಲಿ ಮೂನ್‌ವಾಕೇ ಇಲ್ಲ" ಅಂದರು. ನಾನು "ಚೀಟಿಯಲ್ಲಿದ್ದದ್ದೇ ಅಂತಿಮ" ಅಂತ ಅವರನ್ನು ಕೂರಿಸಿದೆ. ಅವರ ತಂಡ ಒಂದೇ ಅಂಕದಲ್ಲಿ ಸೋತಿತು.

ಮೊನ್ನೆ ಜೋರು ಮಳೆಗೆ ಹೊರಗೆ ಹೋಗ್ಲಿಕ್ಕೆ ಆಗದೆ ಆ ವಿಡಿಯೋವನ್ನು ಮೂರು ಸಲ ನೋಡಿದೆ. ನಡೆಯುತ್ತಾನೆ, ಕಾಲಿಟ್ಟ ಕಲ್ಲೆಲ್ಲ ಬೆಳಗುತ್ತದೆ, ಗಿರ್ರನೆ ತಿರುಗುತ್ತಾನೆ, ಬೆರಳ ತುದಿಯಲ್ಲಿ ನಿಲ್ಲುತ್ತಾನೆ. ಹಿಂದಕ್ಕೆ ಜಾರುವುದು ಎಲ್ಲಿಯೂ ಇಲ್ಲ. ಅದು ಇರುವುದು ವೇದಿಕೆಯಲ್ಲಿ: ಮೋಟೌನ್ ಎಂಬ ರೆಕಾರ್ಡ್ ಕಂಪೆನಿಯ 25 ವರ್ಷದ ಕಾರ್ಯಕ್ರಮದಲ್ಲಿ ಇದೇ ಹಾಡಿಗೆ ಕುಣಿಯುವಾಗ. ಚಿತ್ರೀಕರಣ ಆದದ್ದು 1983ರ ಮಾರ್ಚ್ 25ಕ್ಕೆ, ಅಮೆರಿಕದ ಟಿವಿಯಲ್ಲಿ ಬಂದದ್ದು ಮೇ 16ಕ್ಕೆ. ಹಾಡು ಅದೇ ಆದ್ದರಿಂದ ನಾನು ಎರಡನ್ನೂ ಒಂದು ಮಾಡಿಬಿಟ್ಟಿದ್ದೆ. ಆ ಹಿರಿಯರು ಇದನ್ನು ಓದುತ್ತಿದ್ದರೆ, ನಿಮ್ಮ ಕ್ಷಮೆ ಕೇಳುತ್ತೇನೆ. ಆ ಅಂಕ ನಿಮ್ಮದು.

ಇನ್ನು ಈ ವರ್ಷದ ಮಾತು. ನನಗೆ ಬೇಕಾದದ್ದು ವಿಡಿಯೋ ನೋಡಿದವರಿಗೆ ಮಾತ್ರ ಗೊತ್ತಾಗುವ ಪ್ರಶ್ನೆ. ಎಷ್ಟು ಕೋಟಿ ಖರ್ಚಾಯಿತು, ಎಷ್ಟು ಪ್ರಶಸ್ತಿ ಬಂತು ಎನ್ನುವುದನ್ನು ಹಿಂದಿನ ರಾತ್ರಿ ಬಾಯಿಪಾಠ ಮಾಡಿಕೊಂಡು ಬರಬಹುದು. ಹೋದ ವರ್ಷ ಹಾಗೆಯೇ ಆಯಿತು. ಚಿಕ್ಕಂದಿನಿಂದ ಆ ಕುಣಿತ ಕುಣಿದವರು ಮೊದಲ ಸುತ್ತಿನಲ್ಲೇ ಹೊರಗೆ ಹೋದರು. ನಿಮ್ಮ ಹತ್ತಿರ ಒಳ್ಳೆಯ ಪ್ರಶ್ನೆ ಉಂಟಾದರೆ ಇಲ್ಲಿ ಹಾಕಿ. ಇಲ್ಲಿ ಬಂದದ್ದನ್ನು ಹಾಗೆಯೇ ಕೇಳುವುದಿಲ್ಲ, ಆ ಜಾತಿಯ ಬೇರೆ ಪ್ರಶ್ನೆ ಮಾಡಿಕೊಳ್ಳುತ್ತೇನೆ.

ಸುರತ್ಕಲ್_ಅಲೆ

ಅಣ್ಣ, ಒಂದು ಮಾತು. ಇಸವಿ, ನಿರ್ದೇಶಕರ ಹೆಸರು ಇದನ್ನೆಲ್ಲ ಪೂರ್ತಿ ಬಿಡಬೇಡಿ. ನಿರ್ದೇಶಕ ಯಾರು ಅಂತ ಗೊತ್ತಾದರೆ ವಿಡಿಯೋ ನೋಡುವ ಕಣ್ಣೇ ಬದಲಾಗುತ್ತದೆ. ಬ್ಯಾಡ್ ಮಾಡಿದ್ದು ಮಾರ್ಟಿನ್ ಸ್ಕೋರ್ಸೆಸಿ, 1987ರಲ್ಲಿ. ಅದು ಗೊತ್ತಾದ ಮೇಲೆಯೇ ನಾನು 18 ನಿಮಿಷದ ಪೂರ್ತಿ ವಿಡಿಯೋ ಹುಡುಕಿ ನೋಡಿದ್ದು. ಅಲ್ಲಿಯ ತನಕ ಟಿವಿಯಲ್ಲಿ ಬರುತ್ತಿದ್ದ ನಾಲ್ಕು ನಿಮಿಷದ ಕುಣಿತವೇ ಪೂರ್ತಿ ವಿಡಿಯೋ ಅಂತ ತಿಳಿದಿದ್ದೆ.

ಬಿಜೈ_ಬಝರ್

ಒಪ್ಪಿದೆ. ಆದರೆ "ಬ್ಯಾಡ್ ನಿರ್ದೇಶಕ ಯಾರು?" ಅಂತ ಕೇಳುವ ಬದಲು "ಬ್ಯಾಡ್‌ನಲ್ಲಿ ಬಣ್ಣ ಬರುವುದು ಯಾವಾಗ?" ಅಂತ ಕೇಳುವ. ಕಥೆ ಎಲ್ಲ ಕಪ್ಪು ಬಿಳುಪು: ದೂರದ ಶಾಲೆಯಿಂದ ರಜೆಗೆ ಊರಿಗೆ ಬರುವ ಹುಡುಗ, ಹಳೆಯ ಗೆಳೆಯರು, ಅವರ ಮುಂದಾಳಾಗಿ ಆಗಿನ್ನೂ ಹೆಸರಾಗದ ವೆಸ್ಲಿ ಸ್ನೈಪ್ಸ್. ಬ್ರೂಕ್ಲಿನ್‌ನ ನೆಲದಡಿಯ ರೈಲು ನಿಲ್ದಾಣದಲ್ಲಿ ಕುಣಿತ ಶುರುವಾಗುವಾಗ ಬಣ್ಣ ಬರುತ್ತದೆ. ಕುಣಿತ ಮುಗಿದದ್ದೇ ಬಣ್ಣವೂ ಹೋಗುತ್ತದೆ. ಇದಕ್ಕೆ ಉತ್ತರ ಹೇಳಬೇಕಾದರೆ ಪೂರ್ತಿ ನೋಡಿಯೇ ಇರಬೇಕು.

ಸುರತ್ಕಲ್_ಅಲೆ

ಇದು ಲಾಯ್ಕಿತ್ತು! ಹಾಗಾದರೆ ಸರಿ.

ಮಣಿಪಾಲ_ಹಾಸ್ಟೆಲ್

ನಾನು ಮೈಕಲ್ ತೀರಿಕೊಂಡ ವರ್ಷ, ಅಂದರೆ 2009ರಲ್ಲಿ, ಇನ್ನೂ ಅಂಗನವಾಡಿಗೆ ಹೋಗುತ್ತಿದ್ದೆ. ಎಲ್ಲ ನೋಡಿದ್ದು ಮೊಬೈಲಿನಲ್ಲೇ. ಬರಬಹುದಾ?

ನನ್ನದೊಂದು ಪ್ರಶ್ನೆ ಉಂಟು. ಥ್ರಿಲ್ಲರ್ ವಿಡಿಯೋದಲ್ಲಿ ಪಲ್ಲವಿ ಮೊದಲ ಸಲ ಬರುವುದು ಯಾವಾಗ? ಆಲ್ಬಮ್ಮಿನ ಹಾಡು ಕೇಳಿದವರು "ಮೊದಲ ಚರಣ ಆದ ಕೂಡಲೇ" ಅನ್ನುತ್ತಾರೆ. ವಿಡಿಯೋದಲ್ಲಿ ಹಾಗಿಲ್ಲ. ಸಿನಿಮಾ ಥಿಯೇಟರಿನಿಂದ ಹೊರಗೆ ಬಂದು ಹುಡುಗಿಯ ಸುತ್ತ ಕುಣಿಯುತ್ತ ಬೀದಿಯಲ್ಲಿ ನಡೆಯುವಾಗ ಚರಣಗಳನ್ನೆಲ್ಲ ಒಂದರ ಹಿಂದೆ ಒಂದು ಹಾಡಿ ಮುಗಿಸುತ್ತಾನೆ. ಆಮೇಲೆ ವಿನ್ಸೆಂಟ್ ಪ್ರೈಸ್ ಅವರ ಆ ಗಡಸು ದನಿ, ಗೋರಿಯಿಂದ ಏಳುವ ಹೆಣಗಳು, ಅವುಗಳ ಕುಣಿತ. ಅದರ ನಡುವೆ ಹೆಣವಾಗಿದ್ದ ಮೈಕಲ್ ಮುಖ ಮತ್ತೆ ಮನುಷ್ಯನದ್ದಾಗುತ್ತದಲ್ಲ, ಪಲ್ಲವಿ ಬರುವುದು ಆಗ. ಅಷ್ಟು ಹೊತ್ತು ನಮ್ಮನ್ನು ಕಾಯಿಸಿ ಇಡುತ್ತಾನೆ. ನಾನು ಇದನ್ನು ಗಮನಿಸಿದ ರಾತ್ರಿ ರೂಮಿನಲ್ಲಿ ಎಲ್ಲರನ್ನೂ ಎಬ್ಬಿಸಿ ತೋರಿಸಿದ್ದೆ.

ಬಿಜೈ_ಬಝರ್

ಖಂಡಿತ ಬನ್ನಿ. ಮಣಿಪಾಲದಿಂದ ಬರುವವರಿಗೆ ವಾಪಸ್ ಹೋಗ್ಲಿಕ್ಕೆ ಬಸ್ ಸಿಗುವ ಹೊತ್ತಿಗೆ ಮುಗಿಸುತ್ತೇವೆ. ಇಷ್ಟು ವರ್ಷ ನೋಡಿದವನು ನಾನು, ಪಲ್ಲವಿಯ ಈ ಸಂಗತಿ ನನಗೆ ಹೊಳೆದೇ ಇರಲಿಲ್ಲ. ಹೀಗಿರಬೇಕು ಪ್ರಶ್ನೆ.

ಹಂಪನಕಟ್ಟೆ_ಹಳೇಕ್ಯಾಸೆಟ್

ಹೋದ ವರ್ಷ ಎದ್ದು ನಿಂತವನು ನಾನೇ. ನೀವು ಬರೆದದ್ದನ್ನು ಮಗಳು ತೋರಿಸಿದಳು. ಕ್ಷಮೆ ಎಲ್ಲ ದೊಡ್ಡ ಮಾತು, ಆದರೆ ಓದಿ ಸಮಾಧಾನ ಆಯಿತು ಅಂತ ಹೇಳದಿದ್ದರೆ ಸುಳ್ಳಾಗುತ್ತದೆ.

ಅದು ನನಗೆ ಯಾಕೆ ಅಷ್ಟು ಮುಖ್ಯ ಅಂತ ಹೇಳುತ್ತೇನೆ. 1985ರಲ್ಲಿ ಭಾವ ಬಹರೈನಿನಿಂದ ಬರುವಾಗ ವಿಸಿಆರ್ ತಂದರು. ಅದರೊಟ್ಟಿಗೆ ಮೈಕಲ್‌ದು ಒಂದು ಕ್ಯಾಸೆಟ್. ಅದರಲ್ಲಿ ಥ್ರಿಲ್ಲರ್ ಇತ್ತು, ಅದನ್ನು ಹೇಗೆ ಮಾಡಿದರು ಅಂತ ತೋರಿಸುವ ಚಿತ್ರ ಇತ್ತು, ಮೋಟೌನ್ ವೇದಿಕೆಯ ಆ ಕುಣಿತ ಇತ್ತು. ಆಗ ನಮ್ಮ ಕಡೆ ಇದಕ್ಕೆಲ್ಲ ಒಂದೇ ಹೆಸರು, ಬ್ರೇಕ್ ಡ್ಯಾನ್ಸ್. ಕೇಬಲ್ ಬಂದಿರಲಿಲ್ಲ. ಭಾನುವಾರ ನಮ್ಮ ಚಾವಡಿಯಲ್ಲಿ ಇಡೀ ವಠಾರದ ಮಕ್ಕಳು.

ಆ ಜಾರು ನಡಿಗೆ ಇರುವುದು ಕೆಲವೇ ಸೆಕೆಂಡು. ಪಾಸ್ ಒತ್ತಿದರೆ ಪರದೆಯ ಮೇಲೆ ಬಿಳಿ ಗೆರೆ ನಡುಗುತ್ತಿತ್ತು, ಅದೂ ಸರಿಯಾಗಿ ಪಾದ ಇರುವಲ್ಲಿಯೇ. ಎರಡು ತಿಂಗಳು ಹಿಂದೆ ಮುಂದೆ ಓಡಿಸಿ ನೋಡಿದೆ. ಒಂದು ಕಾಲಿನ ಹಿಮ್ಮಡಿ ಎತ್ತಿ, ಬೆರಳ ಬುಡದ ಮೇಲೆ ಮೈಭಾರ ಹಾಕಬೇಕು. ಇನ್ನೊಂದು ಪಾದ ನೆಲಕ್ಕೆ ಮಟ್ಟಸ ಅಂಟಿಕೊಂಡು ಹಿಂದೆ ಜಾರಬೇಕು. ಜಾರಿ ಮುಗಿಯುವ ಕ್ಷಣಕ್ಕೆ ಹಿಂದೆ ಹೋದ ಹಿಮ್ಮಡಿ ಏಳಬೇಕು, ಮುಂದಿನದ್ದು ಕೂರಬೇಕು, ಎರಡೂ ಒಟ್ಟಿಗೇ. ನೋಡುವವರಿಗೆ ಮುಂದೆ ನಡೆದ ಹಾಗೆ, ಮೈ ಹೋಗುವುದು ಹಿಂದೆ. ತಲೆ ಏರಿಳಿತ ಆದರೆ ಗುಟ್ಟು ಬಯಲು. ನಮ್ಮ ಮನೆಯದ್ದು ರೆಡ್ ಆಕ್ಸೈಡ್ ನೆಲ. ಅಮ್ಮ ವಾರಕ್ಕೊಮ್ಮೆ ತೆಂಗಿನೆಣ್ಣೆ ಹಾಕಿ ಉಜ್ಜುತ್ತಿದ್ದರು. ಶಾಲೆಯ ಬಿಳಿ ಸಾಕ್ಸ್ ಹಾಕಿ ಆ ನೆಲದ ಮೇಲೆ ಕಲಿತೆ. ಸಾಕ್ಸಿನ ಅಡಿ ಎಲ್ಲ ಕೆಂಪು. ಸೋಮವಾರ ಅದನ್ನೇ ಹಾಕಿಕೊಂಡು ಶಾಲೆಗೆ ಹೋಗಿ ಪೆಟ್ಟು ತಿಂದಿದ್ದೂ ಉಂಟು.

ಅಷ್ಟು ಸಲ ನೋಡಿದವನಿಗೆ ಆ ನಡಿಗೆ ಎಲ್ಲಿ ಉಂಟು, ಎಲ್ಲಿ ಇಲ್ಲ ಅಂತ ಗೊತ್ತಿರುತ್ತದಲ್ಲ. ಅದಕ್ಕೇ ಎದ್ದು ನಿಂತದ್ದು.

ಇನ್ನೊಂದು ತಿದ್ದುಪಡಿ ನಿಮ್ಮ ಪ್ರಶ್ನೆಯಲ್ಲೇ ಬೇಕು. "ಮೂನ್‌ವಾಕ್ ಮೊದಲು" ಅಂತ ಕೇಳಬಾರದು. ಮೈಕಲ್‌ಗಿಂತ ಹಿಂದೆಯೇ ಅದನ್ನು ಮಾಡಿದವರು ಇದ್ದಾರೆ. ಬಿಲ್ ಬೇಯ್ಲಿ ಎನ್ನುವ ನರ್ತಕ 1950ರ ದಶಕದಲ್ಲೇ ಮಾಡಿದ್ದು ಚಿತ್ರದಲ್ಲಿ ಉಳಿದಿದೆ. 1982ರಲ್ಲಿ ಜೆಫ್ರಿ ಡೇನಿಯಲ್ ಇಂಗ್ಲೆಂಡಿನ ಟಿವಿಯಲ್ಲಿ ಮಾಡಿದ್ದರು. "ಮೈಕಲ್ ಮೂನ್‌ವಾಕನ್ನು ಜನರ ಮುಂದೆ ಮೊದಲು ಮಾಡಿದ್ದು ಎಲ್ಲಿ?" ಅಂತ ಕೇಳಿ. ಒಂದು ಶಬ್ದ ಹೆಚ್ಚು ಕಡಿಮೆ ಆದರೆ ಬೇರೆಯವರ ಶ್ರಮ ಇವನ ಹೆಸರಿಗೆ ಹೋಗುತ್ತದೆ.

ಬಿಜೈ_ಬಝರ್

ಅಂಕಲ್, ಈ ವರ್ಷ ನೀವು ನನ್ನ ಪಕ್ಕದಲ್ಲಿ ಕೂರಬೇಕು. ಚೀಟಿ ಪೂರ್ತಿ ನೀವು ನೋಡಿ ಆದ ಮೇಲೆಯೇ ಓದುವುದು.

ಕದ್ರಿ_ಗೆಜ್ಜೆ

ನಾನು ಹನ್ನೆರಡು ವರ್ಷ ಭರತನಾಟ್ಯ ಕಲಿತವಳು. ಬ್ಲ್ಯಾಕ್ ಆರ್ ವೈಟ್ ಬಗ್ಗೆ ಹೇಳಲೇಬೇಕು. 1991ರದ್ದು, ಥ್ರಿಲ್ಲರ್ ಮಾಡಿದ ಜಾನ್ ಲ್ಯಾಂಡಿಸ್ ಅವರೇ ನಿರ್ದೇಶಕರು. ವಾಹನಗಳು ಓಡುವ ರಸ್ತೆಯ ನಡುವೆ ಒಬ್ಬ ಭಾರತೀಯ ನರ್ತಕಿಯ ಜೊತೆ ಮೈಕಲ್ ಕುಣಿಯುತ್ತಾನೆ. ಹೋದ ವರ್ಷ ಒಂದು ತಂಡ "ಭರತನಾಟ್ಯ" ಅಂದಾಗ ಅಂಕ ಕೊಟ್ಟಿರಿ. ಅದು ಒಡಿಸ್ಸಿ.

ನಮ್ಮ ಊರಿನಲ್ಲಿ ಈ ತಪ್ಪು ಆಗುವುದು ಸಹಜ. ಮಂಗಳೂರಿನಲ್ಲಿ ಬೀದಿಗೊಂದು ಭರತನಾಟ್ಯದ ಕ್ಲಾಸ್ ಉಂಟು, ಗೆಜ್ಜೆ ಕಟ್ಟಿದ್ದೆಲ್ಲ ಅದೇ ಅಂತ ಕಣ್ಣು ಹೇಳುತ್ತದೆ. ನಮ್ಮ ಅರಮಂಡಿಯಲ್ಲಿ, ಅಂದರೆ ಮೊಣಕಾಲು ಬಗ್ಗಿಸಿ ಅರ್ಧ ಕೂತ ಭಂಗಿಯಲ್ಲಿ, ಮೇಲಿನ ಮೈ ನೆಟ್ಟಗೆ, ಎರಡೂ ಬದಿ ಸಮ. ಒಡಿಸ್ಸಿಯ ತ್ರಿಭಂಗಿಯಲ್ಲಿ ಕುತ್ತಿಗೆ, ಸೊಂಟ, ಮೊಣಕಾಲು ಮೂರು ಕಡೆ ಬಾಗು. ಎದೆಯ ಭಾಗ ಅಕ್ಕಪಕ್ಕಕ್ಕೆ ಸರಿಯುವುದು ಅಲ್ಲಿಯ ಜೀವಾಳ, ನಮ್ಮಲ್ಲಿ ಅದು ಇಲ್ಲ.

ಈ ಪ್ರಶ್ನೆಯನ್ನು ಬಿಡಬೇಡಿ, ಸರಿ ಮಾಡಿ ಮತ್ತೆ ಕೇಳಿ. ಶಬ್ದ ತೆಗೆದು ಆ ತುಣುಕು ಮಾತ್ರ ತೋರಿಸಿ, ಯಾವ ಶೈಲಿ, ಯಾಕೆ ಅಂತ ಕೇಳಿ. "ಯಾಕೆ" ಹೇಳಿದವರಿಗೆ ಎರಡು ಅಂಕ.

ಕೋಟೇಶ್ವರ_ಕಡೆಯವ

ಹೌದ್ ಮರ್ರೆ, ಶಬ್ದ ಇಲ್ಲದ ಸುತ್ತು ಇರಲಿ. ಅದಕ್ಕೆ ಎದುರಾಗಿ ಚಿತ್ರ ಇಲ್ಲದ ಸುತ್ತೂ ಇಡಿ. ಸ್ಮೂತ್ ಕ್ರಿಮಿನಲ್‌ನಲ್ಲಿ ಮೈಕಲ್ ದೂರದಿಂದ ನಾಣ್ಯ ಎಸೆಯುತ್ತಾನೆ, ಅದು ಹೋಗಿ ಹಾಡಿನ ಪೆಟ್ಟಿಗೆಯೊಳಗೆ ಬೀಳುತ್ತದೆ. ಆ ಸದ್ದು ಸಾಕು, ನಾನು ಹೇಳ್ತೆ.

ನಾಣ್ಯದ ಮೇಲೆಯೇ ಒಂದು ಜೋಡಿ ಪ್ರಶ್ನೆ ಮಾಡಬಹುದು. ಬಿಲ್ಲಿ ಜೀನ್‌ನಲ್ಲಿಯೂ ನಾಣ್ಯ ಉಂಟು. ಬೀದಿ ಬದಿ ಕೂತ ಬಡವನ ಡಬ್ಬಕ್ಕೆ ಹಾಕುತ್ತಾನೆ, ಅವನು ಬಿಳಿ ಸೂಟಿನ ಸಾಹುಕಾರ ಆಗುತ್ತಾನೆ. ಎರಡು ವಿಡಿಯೋಗಳ ನಡುವೆ ಐದು ವರ್ಷ. "ನಾಣ್ಯ ಚಿಮ್ಮಿಸುವ ಎರಡು ವಿಡಿಯೋ ಯಾವುವು?" ಅಂತ ಕೇಳಿದರೆ ಪುಸ್ತಕ ಓದಿ ಬಂದವನಿಗೆ ಆಗುವುದಿಲ್ಲ.

ಸುರತ್ಕಲ್_ಅಲೆ

ಸ್ಮೂತ್ ಕ್ರಿಮಿನಲ್ ಅಂದಾಗ ನೆನಪಾಯಿತು. ಆ ಮುಂದಕ್ಕೆ ಬಾಗುವುದು ಉಂಟಲ್ಲ, 45 ಡಿಗ್ರಿ, ಅದಕ್ಕೆ ಶೂ ಕಾರಣ ಅಂತ ಎಲ್ಲರೂ ಹೇಳುವುದು. ಪೇಟೆಂಟ್ ಕೂಡ ಉಂಟು.

ಹಂಪನಕಟ್ಟೆ_ಹಳೇಕ್ಯಾಸೆಟ್

ಪೇಟೆಂಟ್ ಉಂಟು, ಸಿಕ್ಕಿದ್ದು 1993ರಲ್ಲಿ, ಮೈಕಲ್ ಹೆಸರೂ ಅದರಲ್ಲಿ ಉಂಟು. ಆದರೆ ಅದು ವೇದಿಕೆಗೆ ಮಾಡಿದ್ದು. ಶೂವಿನ ಹಿಮ್ಮಡಿಯಲ್ಲಿ ಒಂದು ಸೀಳು, ಸರಿಯಾದ ಹೊತ್ತಿಗೆ ನೆಲದಿಂದ ಏಳುವ ಮೊಳೆ, ಅದಕ್ಕೆ ಸಿಕ್ಕಿಸಿಕೊಂಡು ಬಾಗುವುದು. 1988ರ ವಿಡಿಯೋದಲ್ಲಿ ಬಾಗಿದ್ದು ತಂತಿಗಳ ಸಹಾಯದಿಂದ. ಇದೂ ಬಿಲ್ಲಿ ಜೀನ್ ತಪ್ಪಿನ ಹಾಗೆಯೇ ನೋಡಿ, ವೇದಿಕೆಯದ್ದನ್ನು ವಿಡಿಯೋಕ್ಕೆ ಅಂಟಿಸುವುದು. ಮೊಳೆ ಇದ್ದರೂ ಸೊಂಟ, ಹಿಂಗಾಲಿನ ನರ ಗಟ್ಟಿ ಇಲ್ಲದವನಿಗೆ ವಾಪಸ್ ಏಳಲಿಕ್ಕೆ ಆಗುವುದಿಲ್ಲ, ಅದನ್ನೂ ಹೇಳಬೇಕು.

ಮಲ್ಪೆ_ಅಕ್ಕ

ಇಷ್ಟು ಹೊತ್ತು ಓದುತ್ತಿದ್ದೆ, ಬರೆಯುವುದೋ ಬೇಡವೋ ಅಂತ ಯೋಚನೆ ಮಾಡಿದೆ. ಬರೆಯುತ್ತೇನೆ.

ಹೋದ ವರ್ಷ ನಾನು ತಂಗಿಯನ್ನು ಕರೆದುಕೊಂಡು ಬಂದಿದ್ದೆ. ಎರಡನೇ ಸುತ್ತಿನಲ್ಲಿ ಮೈಕಲ್ ಮುಖದ ಆರು ಫೋಟೋ ಹಾಕಿ, ಬಣ್ಣ ನೋಡಿ ಇಸವಿ ಹೇಳಿ ಅಂತ ಕೇಳಿದಿರಿ. ಜನ ನಕ್ಕರು. ತಂಗಿಗೆ ಎಂಟನೇ ಕ್ಲಾಸಿನಿಂದ ತೊನ್ನು ಉಂಟು. ಕೈಯಲ್ಲಿ ಶುರುವಾದದ್ದು ಈಗ ಕುತ್ತಿಗೆಯ ತನಕ ಬಂದಿದೆ. ಅವಳು ಆ ದಿನ ತುಂಬು ತೋಳಿನ ಚೂಡಿದಾರ ಹಾಕಿ ಬಂದಿದ್ದಳು. ವಾಪಸ್ ಹೋಗುವಾಗ ಬಸ್ಸಿನಲ್ಲಿ ಮಲ್ಪೆ ತನಕ ಒಂದು ಮಾತಾಡಲಿಲ್ಲ.

ಮೈಕಲ್‌ಗೆ ಇದ್ದದ್ದೂ ಅದೇ ಕಾಯಿಲೆ. 1993ರಲ್ಲಿ ಓಪ್ರಾ ವಿನ್‌ಫ್ರೀ ಎದುರು ಟಿವಿ ಸಂದರ್ಶನದಲ್ಲಿ ಅವನೇ ಹೇಳಿದ್ದ, ತುಂಬ ಜನ ನಂಬಲಿಲ್ಲ. ಸತ್ತ ಮೇಲೆ ಶವಪರೀಕ್ಷೆಯಲ್ಲಿಯೂ ಅದೇ ಬಂತು. ತಂಗಿಗೆ ಮೈಕಲ್ ಇಷ್ಟವಾದದ್ದೇ ಆ ಕಾರಣಕ್ಕೆ. ಇಡೀ ಪ್ರಪಂಚ ನೋಡುತ್ತಿರುವಾಗ ಅದೇ ಚರ್ಮದಲ್ಲಿ ನಿಂತು ಕುಣಿದ ಅಂತ ಅವಳು ಹೇಳುತ್ತಾಳೆ. ಅವಳಿಗೆ ರಿಮೆಂಬರ್ ದ ಟೈಮ್ ವಿಡಿಯೋದ ಒಂದೊಂದು ಹೆಜ್ಜೆಯೂ ಗೊತ್ತುಂಟು. ಈ ವರ್ಷ ಆ ಸುತ್ತು ಇರುತ್ತದಾ?

ಬಿಜೈ_ಬಝರ್

ಅಕ್ಕ, ಇರುವುದಿಲ್ಲ. ಆ ಸುತ್ತು ಮಾಡಿದ್ದು ನಾನು. ಯಾರೋ ಕಳಿಸಿದ ಫೋಟೋಗಳನ್ನು ಯೋಚನೆ ಮಾಡದೆ ಹಾಕಿದೆ. ನಗು ಕೇಳಿ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. ನಿಮ್ಮ ತಂಗಿಯ ಹತ್ತಿರ ನಾನೇ ಫೋನಿನಲ್ಲಿ ಮಾತಾಡಬಹುದಾ? ಅವರು ಬೇಡ ಅಂದರೆ ಒತ್ತಾಯ ಇಲ್ಲ.

ಇನ್ನು ಮುಂದೆ ಮುಖ, ಬಣ್ಣ, ಮೂಗು, ಮನೆ, ಮದುವೆ ಯಾವುದೂ ಈ ಕ್ವಿಜ್‌ನಲ್ಲಿ ಬರುವುದಿಲ್ಲ. ಅವನು ಮಾಡಿದ ಕೆಲಸದ ಬಗ್ಗೆ ಮಾತ್ರ ಪ್ರಶ್ನೆ.

ಕದ್ರಿ_ಗೆಜ್ಜೆ

ಮಲ್ಪೆ ಅಕ್ಕ, ಬರೆದದ್ದು ಒಳ್ಳೆಯದಾಯಿತು. ನಾನೂ ಆ ದಿನ ಅಲ್ಲಿದ್ದೆ, ನನಗೂ ಅದು ಹೊಳೆಯಲಿಲ್ಲ. ತಂಗಿಯನ್ನು ನಮ್ಮ ತಂಡಕ್ಕೆ ಕೊಡಿ. ರಿಮೆಂಬರ್ ದ ಟೈಮ್ ನಮಗೆ ಯಾರಿಗೂ ಸರಿಯಾಗಿ ಬರುವುದಿಲ್ಲ. ಗುಂಪಿನ ಕುಣಿತದ ಆ ಕೈ ತಿರುವುಗಳನ್ನು ಹೇಳಿಕೊಡುವವರು ಬೇಕು.

ಮಲ್ಪೆ_ಅಕ್ಕ

ಕೇಳಿದೆ. ಫೋನ್ ಮಾಡಲಿ ಅಂದಳು. ತಂಡದ ವಿಷಯ ನಾಳೆ ಹೇಳುತ್ತಾಳಂತೆ. ಒಂದು ಪ್ರಶ್ನೆಯನ್ನೂ ಕೊಟ್ಟಿದ್ದಾಳೆ: ಅದೇ ವಿಡಿಯೋದಲ್ಲಿ ರಾಣಿಯ ಎದುರು ಬಂದ ಮುಸುಕಿನ ಮನುಷ್ಯ ಮೈಕಲ್ ಆಗಿ ಕಾಣಿಸುವ ಮೊದಲು ನೆಲಕ್ಕೆ ಏನು ಚೆಲ್ಲುತ್ತಾನೆ? ಕಪ್ಪು ಹುಡಿ. ಅದರ ಮೇಲೆ ನಿಂತು ಕರಗಿ ಹೋಗುತ್ತಾನೆ, ಅಲ್ಲಿಂದಲೇ ಚಿನ್ನದ ಬಣ್ಣದಲ್ಲಿ ಏಳುತ್ತಾನೆ. ಎಡ್ಡಿ ಮರ್ಫಿ ಫೇರೋ (ಈಜಿಪ್ಟಿನ ರಾಜ), ಇಮಾನ್ ರಾಣಿ ಅನ್ನುವುದು ಎಲ್ಲರಿಗೂ ಗೊತ್ತು, ಹುಡಿಯ ಬಣ್ಣ ನೋಡಿದವರಿಗೆ ಮಾತ್ರ ಅನ್ನುತ್ತಾಳೆ.

ಉಡುಪಿ_ರಥಬೀದಿ

ದೇ ಡೋಂಟ್ ಕೇರ್ ಅಬೌಟ್ ಅಸ್ ಬಗ್ಗೆ ಯಾರೂ ಹೇಳಲಿಲ್ಲ. 1996, ನಿರ್ದೇಶಕ ಸ್ಪೈಕ್ ಲೀ. ಇದರಲ್ಲಿ ಪ್ರಶ್ನೆ ಮಾಡುವಾಗ ಜಾಗ್ರತೆ, ಎರಡು ವಿಡಿಯೋ ಉಂಟು. ಒಂದು ಬ್ರೆಜಿಲಿನದ್ದು, ಇನ್ನೊಂದು ಜೈಲಿನದ್ದು. "ಎಲ್ಲಿ ತೆಗೆದದ್ದು?" ಅಂತ ಬರೇ ಕೇಳಿದರೆ ಜಗಳ ಆಗುತ್ತದೆ. ಬ್ರೆಜಿಲಿನದ್ದರಲ್ಲಿಯೇ ರಿಯೋದ ಗುಡ್ಡದ ಕೊಳೆಗೇರಿ ಬೇರೆ, ಸಾಲ್ವಡೋರ್ ಪಟ್ಟಣದ ಹಳೆಯ ಬೀದಿ ಬೇರೆ.

ಸಾಲ್ವಡೋರಿನ ಭಾಗದಲ್ಲಿ ಚೆಂಡೆಯ ಹಾಗೆ ಹೆಗಲಿಗೆ ಡ್ರಮ್ಮು ಕಟ್ಟಿಕೊಂಡು ಬಾರಿಸುವವರು ಒಲೊಡಮ್ ಎನ್ನುವ ತಂಡದವರು, ಸುಮಾರು 200 ಜನ. ಅಷ್ಟಮಿಗೆ ರಥಬೀದಿಯಲ್ಲಿ ಹುಲಿವೇಷದ ಹಿಂದೆ ತಾಸೆ ಬರುವಾಗ ಎದೆಯೊಳಗೆ ಒಂದು ಸದ್ದಾಗುತ್ತದಲ್ಲ, ಅದೇ ಸದ್ದು. ಕಿವಿಗಿಂತ ಮೊದಲು ಹೊಟ್ಟೆಗೆ ಗೊತ್ತಾಗುತ್ತದೆ. ನಮ್ಮ ಹುಲಿವೇಷದ ಹುಡುಗರಿಗೆ ಇದನ್ನು ತೋರಿಸಿದೆ, ತಾಸೆ ಬಾರಿಸುವವನು ಎರಡೇ ಸಲ ಕೇಳಿ ಆ ಪೆಟ್ಟನ್ನು ಹಾಗೆಯೇ ಹಿಡಿದ. ಅವನನ್ನು ಕರೆದುಕೊಂಡು ಬರುತ್ತೇನೆ. ಪೆಟ್ಟು ಬಾರಿಸಿ ಹಾಡು ಯಾವುದು ಅಂತ ಕೇಳುವ ಸುತ್ತು ಮಾಡಬಹುದು. ಬೀಟ್ ಇಟ್ ಮತ್ತು ಬಿಲ್ಲಿ ಜೀನ್ ಎರಡರ ಶುರುವಿನ ಪೆಟ್ಟೂ ಅವನಿಗೆ ಬರುತ್ತದೆ.

ಬಿಜೈ_ಬಝರ್

ತಾಸೆ ಖಂಡಿತ ಬೇಕು. ಕೆಳಗಿನ ಮನೆಯ ಅಜ್ಜಿಗೆ ಮೊದಲೇ ಹೇಳಿ ಇಡುತ್ತೇನೆ.

ಕೋಟೇಶ್ವರ_ಕಡೆಯವ

1996 ಅಂದಾಗ ಇನ್ನೊಂದು. ಆ ವರ್ಷ ನವೆಂಬರ್ 1ಕ್ಕೆ ಮೈಕಲ್ ಮುಂಬಯಿಯ ಅಂಧೇರಿಗೆ ಬಂದಿದ್ದ. ನಮ್ಮ ಮಾವ ಆಗ ಅಲ್ಲಿ ಹೋಟೆಲಿನಲ್ಲಿ ಕೆಲಸಕ್ಕಿದ್ದರು. ಕೊಂಕಣ ರೈಲು ಪೂರ್ತಿ ಶುರುವಾದದ್ದು 1998ಕ್ಕೆ, ಹಾಗಾಗಿ ಊರಿನಿಂದ ಇಬ್ಬರು ಗೆಳೆಯರು ಬಸ್ಸಿನಲ್ಲೇ ಹೋಗಿದ್ದರು. ಟಿಕೆಟಿಗೆ ದುಡ್ಡಿಲ್ಲ. ಮೈದಾನದ ಹೊರಗೆ ನಿಂತು ಪೂರ್ತಿ ಕೇಳಿದರಂತೆ. ಮಾವ ಈಗಲೂ ಹಾಡುಗಳ ಕ್ರಮ ಹೇಳುತ್ತಾರೆ. ಅವರನ್ನು ಕರೆತರಲಾ? ಚಿತ್ರ ಇಲ್ಲದ ಸುತ್ತು ಅವರದ್ದೇ.

ಬಿಜೈ_ಬಝರ್

ಕರೆದುಕೊಂಡು ಬನ್ನಿ. ಮುಂದಿನ ಸಾಲಿನಲ್ಲಿ ಕುರ್ಚಿ ಇಡುತ್ತೇನೆ.

ಮಣಿಪಾಲ_ಹಾಸ್ಟೆಲ್

ಹಂಪನಕಟ್ಟೆ ಅಂಕಲ್, ನಿಮ್ಮ ಆ ಕ್ಯಾಸೆಟ್ ಈಗಲೂ ಉಂಟಾ? ಪಾಸ್ ಒತ್ತಿದಾಗ ಬರುವ ಬಿಳಿ ಗೆರೆಯನ್ನು ನಾನು ನೋಡಿಯೇ ಇಲ್ಲ.

ಹಂಪನಕಟ್ಟೆ_ಹಳೇಕ್ಯಾಸೆಟ್

ಉಂಟು. ಮಳೆಗಾಲದ ತಂಪಿಗೆ ಟೇಪಿಗೆ ಬೂಷ್ಟು ಹಿಡಿಯಬಾರದು ಅಂತ ಅಕ್ಕಿ ಡಬ್ಬದಲ್ಲಿ ಇಟ್ಟಿದ್ದೇನೆ. ವಿಸಿಆರ್ ಹಾಳಾಗಿ ಹದಿನೈದು ವರ್ಷ ಆಯಿತು.

ಸುರತ್ಕಲ್_ಅಲೆ

ನಮ್ಮ ಅಜ್ಜನ ಮನೆಯಲ್ಲಿ ಒಂದು ಉಂಟು. ಮೊನ್ನೆ ದೀಪ ಉರಿಯಿತು, ಒಳಗೆ ತಿರುಗುವ ಸದ್ದೂ ಬಂತು. ಭಾನುವಾರ ತೆಗೆದುಕೊಂಡು ಬರುತ್ತೇನೆ. ಹೆಡ್ ಒರೆಸಿ, ಮೊದಲು ಬೇರೆ ಯಾವುದಾದರೂ ಹಳೆಯ ಕ್ಯಾಸೆಟ್ ಹಾಕಿ ನೋಡುವ. ನಿಮ್ಮದನ್ನು ಸಿಕ್ಕಿಸಿ ಹಾಳು ಮಾಡುವುದು ಬೇಡ.

ಹಂಪನಕಟ್ಟೆ_ಹಳೇಕ್ಯಾಸೆಟ್

ಮಗಳ ಮದುವೆಯ ಕ್ಯಾಸೆಟ್ ಎರಡು ಪ್ರತಿ ಉಂಟು, ಒಂದನ್ನು ಪರೀಕ್ಷೆಗೆ ತರುತ್ತೇನೆ.

ಬಿಜೈ_ಬಝರ್

ಹಾಗಾದರೆ ಭಾನುವಾರ ಸಂಜೆ ನಾಲ್ಕಕ್ಕೆ ನಮ್ಮಲ್ಲಿ. ಕ್ವಿಜ್ 29ಕ್ಕೆ, ಐದೂವರೆಗೆ ಸರಿಯಾಗಿ ಶುರು. ತಂಡಕ್ಕೆ ನಾಲ್ಕು ಜನ, ನಾಲ್ವರಲ್ಲಿ ಒಬ್ಬರಾದರೂ ಇಪ್ಪತ್ತರ ಒಳಗಿನವರು, ಒಬ್ಬರಾದರೂ ನಲವತ್ತು ದಾಟಿದವರು ಇರಬೇಕು. ಮೊದಲ ಕ್ಲಿಪ್ ಅಂಕಲ್ ಕ್ಯಾಸೆಟ್ಟಿನದ್ದು. ಮತ್ತೆ ಎಲ್ಲರೂ ಒಂದು ಜೊತೆ ಬಿಳಿ ಸಾಕ್ಸ್ ತನ್ನಿ. ನಮ್ಮ ಮೇಲಿನ ಹಾಲಿನದ್ದೂ ರೆಡ್ ಆಕ್ಸೈಡ್ ನೆಲ.